ಗುರುಬಾಯಿ ಕಾಣುವ ಸಿನಿಮಾ

ತಿಕೋಟಾದ ಬಸ್ಸು ಇನ್ನೂ ಬಂದಿರಲಿಲ್ಲ. ಇವತ್ತು ಬರದೇ ಹೋದರೆ ಚೆನ್ನಾಗಿತ್ತು ಎಂಬ ಮಾತು ತನ್ನೊಳಗಿಂದಲೇ ಎದ್ದಾಗ ಮಲಕಾಜಪ್ಪ ಗಾಬರಿಯಾಗಿ, ಯಾರಾದರೂ ಕೇಳಿಸಿಕೊಂಡರೇನೋ ಎನ್ನುವ ಹಾಗೆ, ಪಕ್ಕದಲ್ಲಿ ಬೀಡಿ ಸೇದುತ್ತ ಕೂತವನ ಮುಖ ನೋಡಿದ. ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ಬೆಳಗಿನ ಹೊತ್ತಿಗೇ ಬಿಸಿಲು ಕಾದಿತ್ತು. ರವಿವಾರ. ಇನ್ನೊಂದು ತಾಸಿಗೆ ಲಾಡಲೇಸಾಬನ ಟಾಕೀಜಿನಲ್ಲಿ ಚಿತ್ರ. ಅದಕ್ಕೂ ಮೊದಲು ತನ್ನ ಭಾಷಣ. ಕಾಲೇಜಿನ ಪ್ರಿನ್ಸಿಪಾಲರು ಬರುತ್ತಾರೆ, ವಕೀಲರು ಬರುತ್ತಾರೆ, ತಾನೇ ಓಡಾಡಿ ಕಟ್ಟಿದ ಚಿತ್ರ ಮಂಡಳಿಯ ಸದಸ್ಯರು ಬರುತ್ತಾರೆ. 'ಕಲಾತ್ಮಕ ಚಿತ್ರ ನಮ್ಮನ್ನು ರಂಜಿಸಲು ಬರುವುದಿಲ್ಲ, ನೋಡುವುದನ್ನು ಕಲಿಸಲು ಬರುತ್ತದೆ.' ಈ ಮೊದಲ ವಾಕ್ಯವನ್ನು ಅವನು ಹಲ್ಲುಜ್ಜುವಾಗ, ಹೈಸ್ಕೂಲಿನ ಹುಡುಗರಿಗೆ ಸಂಧಿ ಸಮಾಸ ಬರೆಸುವಾಗ, ಬಾಯಲ್ಲಿ ಹೊರಳಿಸುತ್ತಲೇ ಇದ್ದ. ಈಗ ಆ ವಾಕ್ಯದ ಬಾಲ ಹಿಡಿದು ಅಕ್ಕನ ಚಿತ್ರವೂ ಬರುತ್ತಿತ್ತು: ಪ್ರಿನ್ಸಿಪಾಲರ ಎದುರು ನಿಂತ ಪರಸವ್ವಕ್ಕ, ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು, ಬರಿಗಾಲು, ಕಂಕುಳಲ್ಲಿ ಬುತ್ತಿಯ ಗಂಟು. ಛೆ, ಎಂದುಕೊಂಡ. ಈ ಸಿನಿಮಾವನ್ನು ಪುಣೆಯಿಂದ ತರಿಸಿದ್ದೇ ಅವಳಿಗಾಗಿ ಅಲ್ಲವೆ?

ಅವಳಿಗಾಗಿಯೇ ಶುರುವಾಗಿತ್ತು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಪುಣೆಯ ಅಭ್ಯಂಕರರು ಕ್ಯಾಮೆರಾ ಹೊತ್ತು ಬಬಲೇಶ್ವರಕ್ಕೆ ಬಂದು ಸಾಲೆಯ ಕೋಣೆಯಲ್ಲಿ ಇಳಿದಾಗ, ಅದೇ ಊರಿನವನಾದ, ಮರಾಠಿ ಬಲ್ಲ ಮಲಕಾಜಪ್ಪ ಅವರಿಗೆ ಬಾಯಿಯಾಗಿದ್ದ. ಕಳೆದುಹೋದ ಒಂದು ಕುರಿಯನ್ನು ಹುಡುಕುತ್ತ ಊರಿಂದ ಊರಿಗೆ ಅಲೆಯುವ ಮುದುಕ, ಕಥೆಯೆಂದರೆ ಅಷ್ಟೇ. ಮುದುಕನಾಗಿ ನಡೆದವನು ಅರಕೇರಿಯ ಅಮಸಿದ್ದನೆಂಬ ಕುರುಬ, ಮುಖಕ್ಕೆ ಬಣ್ಣ ಹಚ್ಚುತ್ತೇವೆಂದರೆ ಓಡಿಹೋಗುತ್ತಿದ್ದನೇನೋ. ಅಕ್ಕ ಆಗ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮದುವೆಯಾಗಿ ಹರಕೆಗಳೆಲ್ಲ ಮುಗಿದ ಮೇಲೆ, ಇನ್ನಿಲ್ಲ ಎಂದು ಎಲ್ಲರೂ ಬಿಟ್ಟ ಮೇಲೆ ಹುಟ್ಟಿದ ಕೂಸು ಗುರುಬಾಯಿ. ಅಮಸಿದ್ದ ಓಣಿಯಲ್ಲಿ ನಡೆದು ಬರುವುದನ್ನು ತೆಗೆಯುತ್ತಿದ್ದಾಗ ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಅವಳನ್ನು ಎತ್ತಿಕೊಂಡು ಹೋಗಲು ಯಾರೋ ಓಡಿದಾಗ ಅಭ್ಯಂಕರರು ಕೈಯೆತ್ತಿ ತಡೆದರು. ಕ್ಯಾಮೆರಾ ತಿರುಗುತ್ತಲೇ ಇತ್ತು. 'ನನ್ನ ಕುರಿ ಕಂಡೀಯೇನವ್ವಾ' ಎಂದು ಅಮಸಿದ್ದ ತನಗೆ ಹೇಳಿಕೊಟ್ಟಿದ್ದ ಒಂದೇ ಮಾತನ್ನು ಆ ಕೂಸಿಗೆ ಕೇಳಿಬಿಟ್ಟ. ಗುರುಬಾಯಿ ಬಾಯಲ್ಲಿದ್ದದ್ದನ್ನು ಅವಸರವಿಲ್ಲದೆ ಅಗಿದಳು, ನುಂಗಿದಳು, ಅವನನ್ನು ಮೇಲಿಂದ ಕೆಳಗೆ ನೋಡಿದಳು, ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ರೊಟ್ಟಿಯ ಒಂದು ಚೂರು ಮುರಿದು ಅವನ ಕಡೆ ಚಾಚಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಅಭ್ಯಂಕರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನನ್ನ ಚಿತ್ರವೆಂದರೆ ಇದೇ, ಉಳಿದದ್ದೆಲ್ಲ ಇಲ್ಲಿಗೆ ಬಂದು ಮುಟ್ಟುವ ದಾರಿ, ಎಂದು ಮರಾಠಿಯಲ್ಲಿ ಹೇಳಿದರು. ಆ ಮಾತನ್ನು ಮಲಕಾಜಪ್ಪ ಎಷ್ಟೋ ಮಂದಿಗೆ ಹೇಳಿದ್ದಾನೆ. ಮರುವರ್ಷ ಶ್ರಾವಣದಲ್ಲಿ ಪುಣೆಯ ಒಂದು ಚಿಕ್ಕ ಸಭಾಂಗಣದಲ್ಲಿ ಅದನ್ನು ಮೊದಲ ಸಲ ತೋರಿಸಿದರು. ಅವನೂ ಹೋಗಿದ್ದ. ಗುರುಬಾಯಿ ಕೈ ಚಾಚಿದಾಗ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಆ ಕೂಸಿನ ಸೋದರಮಾವ ಇವನು ಎಂದು ಗೊತ್ತಾಗಿ ನರೆತ ಕೂದಲಿನ ದೊಡ್ಡ ಮನುಷ್ಯರೊಬ್ಬರು ಅವನ ಕೈ ಹಿಡಿದು ಅಲುಗಿಸಿದರು. ಆ ಕೈಯ ಬಿಸಿಯನ್ನು ಹಾಗೇ ಹೊತ್ತುಕೊಂಡು ಅವನು ನೇರ ತಿಕೋಟಾಕ್ಕೆ ಹೋದ. ಅಕ್ಕನ ಮನೆಯ ಮುಂದೆ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಗುರುಬಾಯಿಗೆ ಜ್ವರ ಬಂದು ನೆತ್ತಿಗೇರಿ, ಕೂಸು ಹೋಗಿಬಿಟ್ಟಿತ್ತು. ತಾನು ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿಗೆ ಅವಳನ್ನು ಹುಗಿದು ಬಂದವರು ಕೈಕಾಲು ತೊಳೆದುಕೊಳ್ಳುತ್ತಿದ್ದರು.

ಬಸ್ಸು ಬಂತು. ಮುಂದಿನ ಬಾಗಿಲಿನಿಂದ ಇಳಿದವರಲ್ಲಿ ಅಕ್ಕನನ್ನು ಅವನು ಒಂದು ಗಳಿಗೆ ಗುರುತಿಸಲಿಲ್ಲ. ಅವಳು ಇಳಕಲ್ಲಿನ ಹೊಸ ಸೀರೆ ಉಟ್ಟಿದ್ದಳು, ಮಡಿಕೆಯ ಗೆರೆ ಇನ್ನೂ ಹೋಗದ ಸೀರೆ. ಕಾಲಿಗೆ ಯಾರದೋ ಚಪ್ಪಲಿ, ಒಂದಿಷ್ಟು ದೊಡ್ಡದು, ನಡೆದರೆ ಟಪಟಪ ಅನ್ನುತ್ತಿತ್ತು. ಬೀಗರ ಮನೆಗೆ ಹೆಣ್ಣು ನೋಡಲು ಬಂದವರ ಹಾಗೆ ತಲೆ ಬಾಚಿ ಎಣ್ಣೆ ಹಚ್ಚಿಕೊಂಡಿದ್ದಳು.

"ಮಾವ ಬರಲಿಲ್ಲೇನಕ್ಕ?" ಎಂದ.

"ಇಲ್ಲೋ ತಮ್ಮಾ. ಮಣ್ಣ ಕೊಟ್ಟ ಕೂಸಿನ್ನ ಮತ್ತ್ಯಾಕ ಎಬ್ಬಸ್ತೀರಿ, ನಾ ಬರಂಗಿಲ್ಲ ಅಂದ್ರು. ನೀ ಹೋಗಿ ಬಾ ಅಂದ್ರು." ಸ್ವಲ್ಪ ದೂರ ನಡೆದು, "ಹೊತ್ತಾಗಿಲ್ಲಲ್ಲ? ಆಕಿ ಬಂದು ಹೋಗಿಲ್ಲಲ್ಲ?" ಎಂದಳು.

"ಇನ್ನೂ ಶುರುನಽ ಆಗಿಲ್ಲಕ್ಕ. ಆಕಿ ಬರೂದು ಅರ್ಧ ಆದ ಮ್ಯಾಲೆ."

ಕಳೆದ ದೀಪಾವಳಿಯಲ್ಲಿ ಒಲೆಯ ಮುಂದೆ ಕೂತು ಅವಳು ಹೇಳಿದ್ದಳು. ಅಳದೆ, ಬೆಂಕಿಗೆ ಕಟ್ಟಿಗೆ ದೂಡುತ್ತ, ಯಾರೋ ಬೇರೆಯವರ ಸುದ್ದಿ ಹೇಳುವ ಹಾಗೆ: ಮುಖಾ ಹೋಗಾಕತ್ತೈತೋ ತಮ್ಮಾ. ಕೈ ನೆನಪೈತಿ, ಕಾಲ ನೆನಪೈತಿ, ತಲಿ ಹಿಕ್ಕೂವಾಗ ಕುತ್ತಿಗಿ ಹೆಂಗ ಬಗ್ಗಸ್ತಿದ್ಲು ನೆನಪೈತಿ. ಮುಖಾ ನೆನಸ್ಕೋಬೇಕಂದ್ರ ಬರವಲ್ದು. ಫೋಟೋ ಒಂದ ತಗಸಲಿಲ್ಲ ನಾವು. ನೀ ನೋಡಿದೆಲ್ಲ ಪುಣೇದಾಗ, ನಂಗೂ ಒಮ್ಮೆ ತೋರಸು. ಅವತ್ತು ಅವನು ಮಾತು ಕೊಟ್ಟ. ಮಾತು ಕೊಟ್ಟಾಗ ಬೇರೆ ಏನೂ ಮನಸ್ಸಿನಲ್ಲಿರಲಿಲ್ಲ. ಅಭ್ಯಂಕರರನ್ನು ಒಪ್ಪಿಸಿ, ಲಾಡಲೇಸಾಬನನ್ನು ಒಪ್ಪಿಸಿ, ಚಿತ್ರ ಮಂಡಳಿಯ ಉದ್ಘಾಟನೆಯನ್ನೂ ಇದಕ್ಕೇ ಕೂಡಿಸಿ, ಪ್ರಿನ್ಸಿಪಾಲರನ್ನು ಕರೆದು, ಭಾಷಣ ಹೊಸೆಯುತ್ತ ಹೊಸೆಯುತ್ತ, ಯಾವ ಹಂತದಲ್ಲಿ ಅಕ್ಕ ಈ ಕಾರ್ಯಕ್ರಮಕ್ಕೆ ಬರುವ ಒಬ್ಬ ಪ್ರೇಕ್ಷಕಳಾದಳೋ ಅವನಿಗೆ ತಿಳಿಯಲಿಲ್ಲ.

"ಹಾಡದಾವೇನೋ ಇದರಾಗ?" ಅಕ್ಕ ಕೇಳಿದಳು.

"ಇಲ್ಲಕ್ಕ. ಇದು ಆ ಥರದ್ದಲ್ಲ. ಅವು ಧಂದೇದ ಸಿನಿಮಾ. ಅದರಾಗ ಒಬ್ಬಾಕಿ ಅತ್ರ ಹಿಂದ ಪಿಟೀಲು ಅಳತಾವು, ನೀವೂ ಅಳ್ರಿ ಅಂತ ಹೇಳಿಕೊಟ್ಟಂಗ. ಇದರಾಗ ಯಾರೂ ಏನೂ ಹೇಳಿಕೊಡಂಗಿಲ್ಲ. ಮನಷಾ ಹೆಂಗಿರ್ತಾನ ಹಂಗಽ ತೋರಸ್ತಾರ. ಒಬ್ಬಾಂವ ನಡದ್ರ ಅಂವ ಮುಟ್ಟೂತನಕ ನೀ ಕಾಯಬೇಕು."

"ಹಾಂ," ಎಂದಳು ಅಕ್ಕ. "ಕಾಯ್ತೀನಿ ಬಿಡು."

ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಬಬಲೇಶ್ವರದ ಟೆಂಟಿಗೆ ಮೊದಲ ಸಲ ಸಿನಿಮಾಕ್ಕೆ ಕರೆದುಕೊಂಡು ಹೋದವಳೂ ಇವಳೇ. ಅವ್ವ ಸತ್ತ ಮೇಲೆ ಅವನಿಗೆ ಇವಳೇ ಅವ್ವ. ಪರದೆಯ ಮೇಲೆ ನಾಯಕಿ ಬಾವಿಗೆ ಹಾರಲು ಹೊರಟಾಗ ಅಕ್ಕ ಎದ್ದು ನಿಂತು 'ಬ್ಯಾಡಬೇ ನನ್ನವ್ವಾ' ಎಂದು ಕೂಗಿದ್ದು, ಸುತ್ತಲಿನವರು ನಕ್ಕಿದ್ದು, ಮರುದಿನ ಬೀಸುವ ಕಲ್ಲಿನ ಮುಂದೆ ಆ ಸಿನಿಮಾದ ಹಾಡನ್ನು ಅರ್ಧಂಬರ್ಧ ಮಾತು ಕಟ್ಟಿ ಹಾಡಿದ್ದು ಅವನಿಗೆ ನೆನಪಿತ್ತು. ಅದನ್ನೇ ಅವನು ಭಾಷಣದಲ್ಲಿ ಒಂದು ಉದಾಹರಣೆಯಾಗಿ ಸೇರಿಸಿದ್ದ. ಅದು ಈಗ ಹೊಳೆಯಿತು. ಬಿಟ್ಟುಬಿಡಬೇಕು, ಆ ಭಾಗ ಬಿಟ್ಟುಬಿಡಬೇಕು ಎಂದುಕೊಳ್ಳುತ್ತ ಟಾಕೀಜು ಮುಟ್ಟಿದ.

ಟಾಕೀಜಿನ ಮುಂದೆ ಅವನು ಎಣಿಸಿದ್ದಕ್ಕಿಂತ ಹೆಚ್ಚು ಮಂದಿ ಇದ್ದರು. ಸಂತೋಷಪಡುವ ಮೊದಲೇ ಕಾರಣ ತಿಳಿಯಿತು. ಮಧ್ಯಾಹ್ನದಿಂದ ನಡೆಯುವ ಹಿಂದಿ ಚಿತ್ರದ ದೊಡ್ಡ ಪೋಸ್ಟರಿನ ಪಕ್ಕದಲ್ಲೇ ಇವರ ಚಿಕ್ಕ ಕಾಗದ ಅಂಟಿಸಿದ್ದರು. ಕತ್ತಿ ಹಿಡಿದು ಕುದುರೆ ಏರಿದವನನ್ನು ನೋಡಿ ಬೆಳಗಿನ ಆಟವೂ ಅದೇ ಎಂದು ಸಂತೆಗೆ ಬಂದವರೆಲ್ಲ ಒಳಗೆ ನುಗ್ಗುತ್ತಿದ್ದರು. ಲಾಡಲೇಸಾಬ ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತಿದ್ದ. ತಲೆಗೆ ಅತ್ತರು ಹಾಕಿದ ಎಣ್ಣೆ, ಬಾಯಲ್ಲಿ ಎಲೆ, ಒಳ್ಳೆಯ ಮನುಷ್ಯ. "ಮಾಸ್ತರ, ನಾ ಎಲ್ಲಾರಿಗೂ ಹೇಳೀನ್ರಿ, ಇದು ಬ್ಯಾರೆ ಪಿಕ್ಚರ್ ಅಂತ. ಯಾರು ಕೇಳ್ತಾರ್ರಿ? ಮಂದಿ ಇಲ್ಲಿ ಬರೂದು ಒಂದು ಮೂರ ತಾಸ ಮನಿ ಮರಿಯಾಕ. ನೀವು ನೋಡಿದ್ರ ಅವರನ್ನ ಮತ್ತ ಮನಿಗೇ ಕರ್ಕೊಂಡ ಹೊಂಟೀರಿ," ಎಂದು ನಕ್ಕ. ಅಷ್ಟರಲ್ಲಿ ಪ್ರಿನ್ಸಿಪಾಲರ ಟಾಂಗಾ ಬಂದು ನಿಂತಿತು, ಜೊತೆಗೆ ವಕೀಲರು. ಮಲಕಾಜಪ್ಪ ಓಡಿಹೋಗಿ ನಮಸ್ಕಾರ ಮಾಡಿದ. ಹಿಂದೆ ಟಪಟಪ ಸದ್ದು ಬಂತು. ಅಕ್ಕ ಅವನ ಹಿಂದೆಯೇ ಬಂದು, ದೊಡ್ಡವರೆಂದು ತಿಳಿದು ಕೈ ಮುಗಿದು ನಿಂತಿದ್ದಳು. ಪ್ರಿನ್ಸಿಪಾಲರು ಹುಬ್ಬೇರಿಸಿ, "ಇವರು?" ಎಂದರು.

"ನಮ್ಮ ಊರಿನವ್ರು," ಎಂದ ಮಲಕಾಜಪ್ಪ.

ಸುಳ್ಳೇನಲ್ಲ ಎಂದು ಆಮೇಲೆ ಹೇಳಿಕೊಂಡ. ಅಕ್ಕನ ಕೈ ಮುಗಿದದ್ದು ಮುಗಿದಂತೆಯೇ ಇತ್ತು. ಅವಳು ಅವನ ಮುಖವನ್ನೂ ನೋಡಲಿಲ್ಲ, ಬೇಸರಪಟ್ಟಂತೆಯೂ ಕಾಣಲಿಲ್ಲ. ಹೆಣ್ಣುಮಕ್ಕಳು ಕೂರುವ ಕಡೆ ಯಾವುದು ಎಂದು ಲಾಡಲೇಸಾಬನನ್ನು ಕೇಳಿಕೊಂಡು ತಾನೇ ಒಳಗೆ ಹೋದಳು.

ಭಾಷಣ ಶುರುವಾದಾಗ ಗದ್ದಲ ಇನ್ನೂ ಇಳಿದಿರಲಿಲ್ಲ. ಬಿಳಿಯ ಪರದೆಯ ಮುಂದೆ ನಿಂತಾಗ ತನ್ನ ನೆರಳು ತನ್ನ ಹಿಂದೆ ಎಷ್ಟು ದೊಡ್ಡದಾಗಿ ಬಿದ್ದಿರಬಹುದು ಎಂಬ ಯೋಚನೆ ಬಂದು ಮೊದಲ ವಾಕ್ಯದಲ್ಲೇ ತೊದಲಿದ. ಯಾರೋ ಸೀಟಿ ಹೊಡೆದರು. ಮುಂದಿನ ಸಾಲಿನಲ್ಲಿ ವಕೀಲರು ಕಾಲ ಮೇಲೆ ಕಾಲು ಹಾಕಿ ಸಣ್ಣಗೆ ನಗುತ್ತಿದ್ದರು. ಆ ನಗೆಯನ್ನು ಅಳಿಸಬೇಕೆಂಬ ಆತುರದಲ್ಲಿ ಅವನ ದನಿ ಏರಿತು, ವ್ಯಾಪಾರಿ ಚಿತ್ರಗಳು ನಮ್ಮ ಜನರ ಕಣ್ಣಿಗೆ ಬಣ್ಣದ ಬಟ್ಟೆ ಕಟ್ಟಿವೆ ಎಂದ, ಅಲ್ಲಿ ಸತ್ತವರೂ ಹಾಡು ಮುಗಿಸಿಯೇ ಸಾಯುತ್ತಾರೆ ಎಂದ. ವಕೀಲರು ತಲೆದೂಗಿದರು. ಅಷ್ಟು ಸಾಕಾಯಿತು. ಬಿಡಬೇಕೆಂದುಕೊಂಡಿದ್ದ ಉದಾಹರಣೆ ತಾನಾಗಿಯೇ ಬಾಯಿಗೆ ಬಂತು: 'ಪರದೆಯ ಮೇಲಿನ ಸುಳ್ಳು ಬಾವಿಗೆ ಬೀಳುವ ಸುಳ್ಳು ಹೆಂಗಸನ್ನು ಕಂಡು ಎದ್ದು ನಿಂತು ಬೇಡ ಎಂದು ಅಳುವ ಮುಗ್ಧೆಯೊಬ್ಬಳನ್ನು ನಾನು ಬಲ್ಲೆ. ಅವಳಿಗೆ ನೋಡಲು ಕಲಿಸಿದವರು ಯಾರು?' ಪ್ರಿನ್ಸಿಪಾಲರು ನಕ್ಕರು. ಮಂಡಳಿಯವರು ನಕ್ಕರು. ಹೆಣ್ಣುಮಕ್ಕಳ ಕಡೆ ಅರ್ಧಕ್ಕೆ ಕಟ್ಟಿದ್ದ ಅಡ್ಡಬಟ್ಟೆಯ ಆಚೆ ಏನೂ ಕಾಣುತ್ತಿರಲಿಲ್ಲ.

ಚಿತ್ರ ಶುರುವಾಯಿತು. ಬಬಲೇಶ್ವರದ ಕಡೆಯ ಬಯಲು, ಅದರ ಅಂಚಿನಲ್ಲಿ ಒಂದು ಚುಕ್ಕೆ, ಆ ಚುಕ್ಕೆ ನಿಧಾನವಾಗಿ ಅಮಸಿದ್ದನಾಗುತ್ತ ಹತ್ತಿರ ಬಂತು. ಪುಣೆಯಲ್ಲಿ ಇದೇ ದೃಶ್ಯಕ್ಕೆ ಉಸಿರು ಬಿಗಿಹಿಡಿದು ಕೂತಿದ್ದರು. ಇಲ್ಲಿ ಮೊದಮೊದಲು ಮಂದಿ ಸುಮ್ಮನಿದ್ದರು, ಕುದುರೆ ಸವಾರ ಹಿಂದಿನಿಂದ ಬರಬಹುದೆಂದು ಕಾದರು. ಆಮೇಲೆ ಒಬ್ಬ, "ಲೇ ಯಪ್ಪಾ, ಓಡಿ ಬಾರಲೇ" ಎಂದು ಕೂಗಿದ. ಗೊಳ್ಳೆಂದು ನಗೆ. "ಆ ಕುರಿ ನಿನ್ನೆ ನಾ ತಿಂದೀನಿ, ಮನಿಗೆ ಹೋಗೋ ಮುದುಕಾ" ಎಂದ ಇನ್ನೊಬ್ಬ. ಮಲಕಾಜಪ್ಪನಿಗೆ ಆ ನಗೆಯ ಒಂದೊಂದು ಅಲೆಯೂ ತನ್ನ ಬೆನ್ನಿಗೆ ಬಂದು ಬಡಿದಂತಾಗುತ್ತಿತ್ತು. ಅವನು ಪರದೆ ನೋಡುವುದನ್ನು ಬಿಟ್ಟು ಪ್ರಿನ್ಸಿಪಾಲರ ಕತ್ತನ್ನು ನೋಡುತ್ತಿದ್ದ. ಆ ಕತ್ತು ಎರಡು ಸಲ ಗಡಿಯಾರದ ಕಡೆ ಬಾಗಿತು. ಅಮಸಿದ್ದ ಒಂದು ಹೊಂಡದ ದಂಡೆಗೆ ಕೂತು ನೀರು ಕುಡಿದ; ಮತ್ತೆ ಎದ್ದ; ಮತ್ತೆ ನಡೆದ. ಇಷ್ಟು ಯಾಕೆ ನಡೆಸಿದರು ಇವನನ್ನು ಎಂದು ಮೊದಲ ಸಲ ಮಲಕಾಜಪ್ಪನಿಗೂ ಅನಿಸಿತು. ಮಧ್ಯಂತರದಲ್ಲಿ ಪ್ರಿನ್ಸಿಪಾಲರು ಎದ್ದು, ಮನೆಗೆ ಯಾರೋ ಬರುವವರಿದ್ದಾರೆ, ಪ್ರಯತ್ನ ಸ್ತುತ್ಯವಾದದ್ದು ಎಂದು ಅವನ ಹೆಗಲು ತಟ್ಟಿ ಹೊರಟುಹೋದರು. ಸ್ತುತ್ಯ ಎಂಬ ಆ ಶಬ್ದ ಬಾಯಲ್ಲಿ ಸಿಕ್ಕ ಕಲ್ಲಿನ ಹರಳಿನಂತೆ ಕಟಕಟ ಅನ್ನುತ್ತಿತ್ತು. ವಕೀಲರು ಮಾತ್ರ ಉಳಿದಿದ್ದರು. "ಇಲ್ಲ ಮಾಸ್ತರ, ನಾ ಪೂರ್ತಿ ನೋಡಾಂವ. ಕುರಿ ಸಿಗತೈತೋ ಇಲ್ಲೋ ಗೊತ್ತಾಗಬೇಕಲ್ಲ," ಎಂದು ನಕ್ಕರು.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೇ ಖುರ್ಚಿ ಬಡಿಯುವ ಸದ್ದು ಎದ್ದಿತು. 'ಹಾಡ ಹಾಕ್ರೋ', 'ಫೈಟಿಂಗ್ ಹಾಕ್ರೋ' ಎಂದು ತಾಳಕ್ಕೆ ಸರಿಯಾಗಿ ಕೂಗತೊಡಗಿದರು. ಯಾರೋ ಎಸೆದ ಕಿತ್ತಳೆ ಸಿಪ್ಪೆ ಪರದೆಗೆ ಬಿದ್ದು ಅಮಸಿದ್ದನ ಮುಖದ ಮೇಲಿಂದ ಜಾರಿತು. ಕತ್ತಲಲ್ಲಿ ಲಾಡಲೇಸಾಬ ಬಂದು ಅವನ ಮಗ್ಗುಲಿಗೆ ಕುಕ್ಕುರುಗಾಲಲ್ಲಿ ಕೂತ. "ಮಾಸ್ತರ, ಖುರ್ಚಿ ಮುರೀತಾರ್ರಿ. ಮುಂದಿನ ರೀಲ್ ಒಂದ ಬಿಟ್ಟು ಅದರ ಮುಂದಿಂದು ಹಚ್ಚಲೇನು? ಲಗೂನ ಮುಗೀತೈತಿ. ಕಥಿಗೇನೂ ಧಕ್ಕಿ ಆಗಂಗಿಲ್ಲ. ನಡಿಯೂದಽ ಐತೆಲ್ಲ ಹೆಂಗಿದ್ರೂ. ಯಾರಿಗೂ ಗೊತ್ತಾಗಂಗಿಲ್ಲರಿ. ನೀವು ಹಾಂ ಅಂದ್ರ ಅಷ್ಟಽ, ಇಲ್ಲಂದ್ರ ಇಲ್ಲ."

ವಕೀಲರು ಈ ಕಡೆಗೆ ಕಿವಿ ಕೊಟ್ಟಿದ್ದರು.

"ಬಿಡ್ರಿ," ಎಂದ ಮಲಕಾಜಪ್ಪ.

ಆಮೇಲೆ ಬಹಳ ಸಲ ಅವನು ಆ ಒಂದು ಶಬ್ದವನ್ನು ತಿರುಗಿಸಿ ಮುರುಗಿಸಿ ನೋಡಿದ. ಬಿಡ್ರಿ ಎಂದರೆ ಇರಲಿ ಬಿಡ್ರಿ ಎಂದೂ ಆಗುತ್ತದೆ. ಆದರೆ ಆ ಕತ್ತಲಲ್ಲಿ ತಾನು ಯಾವ ಅರ್ಥದಲ್ಲಿ ಹೇಳಿದೆನೆಂಬುದು ಲಾಡಲೇಸಾಬನಿಗೂ ತಿಳಿಯಿತು, ಅವನಿಗೂ ತಿಳಿದಿತ್ತು. ಆ ಗಳಿಗೆಯಲ್ಲಿ ಗುರುಬಾಯಿ ಅವನ ತಲೆಯಲ್ಲಿ ಇರಲೇ ಇಲ್ಲ. ಅಕ್ಕ ಇರಲಿಲ್ಲ. ವಕೀಲರ ಅರೆನಗೆಯೊಂದೇ ಇತ್ತು. ಲಾಡಲೇಸಾಬ ಎದ್ದು ಹೋದ ಮೇಲೆ ಅವನಿಗೆ ಹಗುರವೂ ಆಯಿತು. ಹಲ್ಲು ಕೀಳಿಸಿಕೊಂಡವನ ಹಾಗೆ ಒರಗಿ ಕೂತ. ಪರದೆಯ ಮೇಲೆ ಅಮಸಿದ್ದ ಊರ ಅಗಸಿ ಬಾಗಿಲ ಕಡೆ ನಡೆಯುತ್ತಿದ್ದ. ಅಗಸಿ ದಾಟಿದರೆ ಓಣಿ, ಓಣಿಯಲ್ಲಿ ಕಟ್ಟೆ, ಎಂದು ಮಲಕಾಜಪ್ಪನ ಮನಸ್ಸು ತನ್ನಷ್ಟಕ್ಕೆ ಹೇಳಿತು. ಹೇಳುತ್ತಿರುವಾಗಲೇ ಚಿತ್ರ ಒಮ್ಮೆ ಜಿಗಿಯಿತು. ಅಗಸಿಯ ಕಡೆ ನಡೆಯುತ್ತಿದ್ದ ಅಮಸಿದ್ದ ಈಗ ಸಂಜೆಯ ಬೆಳಕಿನಲ್ಲಿ ಮಡ್ಡಿಯ ದಿಬ್ಬದ ಮೇಲಿದ್ದ. ಊರು ಅವನ ಹಿಂದೆ ದೂರದಲ್ಲಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮಲಕಾಜಪ್ಪ ಎದ್ದು ನಿಂತ. ಮೇಲಿನ ಪ್ರೊಜೆಕ್ಟರ್ ಕೋಣೆಗೆ ಹೋಗುವ ಮೆಟ್ಟಿಲು ಬಲಗಡೆ ಬಾಗಿಲ ಆಚೆಗೇ ಇತ್ತು. ಹೋಗಿ ನಿಲ್ಲಿಸಿ ಎನ್ನಬೇಕು, ಆ ರೀಲು ಹಚ್ಚಿ ಎನ್ನಬೇಕು, ಕತ್ತಲಾಗುತ್ತದೆ, ಮಂದಿ ಕಿರುಚುತ್ತಾರೆ, ದೀಪ ಹತ್ತುತ್ತದೆ, ಎಲ್ಲರೂ ತನ್ನ ಕಡೆ ನೋಡುತ್ತಾರೆ. "ಕೂಡ್ರಿ ಮಾಸ್ತರ," ಎಂದು ವಕೀಲರು ಅವನ ಅಂಗಿ ಜಗ್ಗಿದರು, "ಈಗ ಒಂದೀಟ ಛಲೋ ಓಡಾಕತ್ತೈತಿ ನೋಡ್ರಿ." ಅವನು ಕೂತ. ಕೂತದ್ದಷ್ಟೇ ಅಲ್ಲ, ಅವರ ಮಾತಿಗೆ ಒಂದು ನಗೆಯನ್ನೂ ನಕ್ಕ.

ಮುಗಿದ ಮೇಲೆ ಮಂದಿ ಬೈಯುತ್ತ, ಆಕಳಿಸುತ್ತ ಹೊರಬಿದ್ದರು. ಹೆಣ್ಣುಮಕ್ಕಳ ಕಡೆ ಎಲ್ಲರೂ ಎದ್ದುಹೋಗಿದ್ದರು, ಅಕ್ಕ ಒಬ್ಬಳೇ ಬರಿ ಪರದೆಯ ಎದುರು ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ತಮ್ಮಾ, ಇನ್ನೂ ಐತೇನೋ?"

"ಮುಗೀತಕ್ಕ."

ಅವಳು ಎದ್ದಳು. ಏನೂ ಕೇಳದೆ ಅವನ ಹಿಂದೆ ಹೊರಗೆ ಬಂದಳು. ಟಾಕೀಜಿನ ಮುಂದೆ, ಪುಣೆಯಿಂದ ಚಿತ್ರದ ಜೊತೆ ಬಂದಿದ್ದ ಅಭ್ಯಂಕರರ ಸಹಾಯಕ ತಗಡಿನ ಡಬ್ಬಿಗಳನ್ನು ಟಾಂಗಾಕ್ಕೆ ಏರಿಸುತ್ತಿದ್ದ. ಸೊಲ್ಲಾಪುರದ ಗಾಡಿ ಹಿಡಿಯುವ ಅವಸರದಲ್ಲಿದ್ದ. ಡಬ್ಬಿಗಳು ಒಂದರ ಮೇಲೊಂದು ಕೂತು ಬಿಸಿಲಿಗೆ ಹೊಳೆಯುತ್ತಿದ್ದವು. ಅವುಗಳಲ್ಲೊಂದರಲ್ಲಿ, ಸುರುಳಿ ಸುತ್ತಿಕೊಂಡು, ಕೈ ಚಾಚಿಕೊಂಡು, ಅವಳು ಇದ್ದಳು. ತಡೆ ಎಂದರೆ ಸಾಕಿತ್ತು. ಲಾಡಲೇಸಾಬ ಇಲ್ಲ ಎನ್ನುತ್ತಿರಲಿಲ್ಲ, ಮಧ್ಯಾಹ್ನದ ಆಟಕ್ಕೆ ಇನ್ನೂ ಹೊತ್ತಿತ್ತು. ಆದರೆ ವಕೀಲರು ಅಲ್ಲೇ ಲಾಡಲೇಸಾಬನ ಜೊತೆ ಎಲೆ ಹಾಕಿಕೊಳ್ಳುತ್ತ ನಿಂತಿದ್ದರು. ತಡೆ ಎಂದರೆ ಯಾಕೆ ಎನ್ನುತ್ತಾರೆ. ಈ ಹೆಂಗಸು ಯಾರು ಎನ್ನುತ್ತಾರೆ. ಊರಿನವರು ಎಂದಿದ್ದಿರಲ್ಲ ಎನ್ನುತ್ತಾರೆ.

"ಗುರುಬಾಯಿ ಬರಲಿಲ್ಲಲ್ಲೋ ತಮ್ಮಾ," ಎಂದಳು ಅಕ್ಕ. ದನಿ ತಗ್ಗಿಸಿ, ಅವನಿಗಷ್ಟೇ ಕೇಳುವ ಹಾಗೆ.

ಟಾಂಗಾದವನು ಚಾಟಿ ಎತ್ತಿದ. ಮಲಕಾಜಪ್ಪ ಅಕ್ಕನ ಕಡೆ ತಿರುಗಿ, "ಬಂದಿದ್ಲಲ್ಲಕ್ಕ. ನೀ ನೋಡಲಿಲ್ಲೇನು?" ಎಂದ.

ಟಾಂಗಾ ತಿರುವಿನಲ್ಲಿ ಮರೆಯಾಯಿತು. ಅಕ್ಕನ ಬಾಯಿ ಸ್ವಲ್ಪ ತೆರೆದೇ ಇತ್ತು.

"ಯಾವಾಗ?"

"ಮುದುಕ ಊರೊಳಗ ಬಂದಾಗ. ಸ್ವಲ್ಪಽ ಹೊತ್ತು. ಮಂದಿ ಒದರಾಕತ್ತಿದ್ರಲ್ಲ, ಆವಾಗ."

ಅಕ್ಕ ಅಲ್ಲೇ ಗೋಡೆಗೆ ಕೈ ಊರಿ ನಿಂತಳು. "ಸೆರಗಿಲೆ ಕಣ್ಣ ಒರಸ್ಕೊಂಡೆ ಆವಾಗ," ಎಂದಳು. "ಮಂದಿ ಹಂಗ ಒದರೂದ ಕೇಳಿ ನಿನ್ನ ನೆನಸಿ ಕೆಟ್ಟನಿಸ್ತು. ತಮ್ಮಾ ಏಟ ಓಡ್ಯಾಡಿ ಮಾಡ್ಯಾನ, ಹಿಂಗ ಮಾಡಾಕತ್ತಾರಲ್ಲ ಅಂತ. ಒಂದ ಗಳಿಗಿ ಸೆರಗ ಕಣ್ಣಿಗೆ ಹಚ್ಚಿದೆ. ಅಷ್ಟರಾಗ ಬಂದು ಹೋಗ್ಯಾಳ ನನ್ನ ಕೂಸು." ಗೋಡೆಯ ಸುಣ್ಣ ಅವಳ ಅಂಗೈಗೆ ಹತ್ತಿತ್ತು. "ಸಾಯೂ ಹೊತ್ತಿನ್ಯಾಗೂ ಹಿಂಗಽ ಮಾಡಿದೆ ನಾ. ಎಲ್ಲಾ ರಾತ್ರಿ ಎಚ್ಚರಿದ್ದು ಮುಂಜಾನೆ ತೂಕಡಿಸಿದೆ. ಕಣ್ಣ ತಗದ್ರ ಹೋಗಿದ್ಲು. ಇವತ್ತೂ ಬಂದಾಕಿ ನನ್ನ ಹುಡುಕಿರಬೇಕು. ನಾ ಮುಖಾ ಮುಚ್ಕೊಂಡ ಕುಂತಿದ್ದೆ."

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು. ಅವಳನ್ನು ಹತ್ತಿಸಿ ಹಿಂದೆ ಸರಿಯಬೇಕೆಂದಿದ್ದವನು, ಬಸ್ಸು ಹೊರಡುವಾಗ ತಾನೂ ಹತ್ತಿ ಅವಳ ಪಕ್ಕ ಕೂತ. ಬಸ್ಸು ಇಟ್ಟಂಗಿಹಾಳದ ಹೊಲಗಳ ಮಗ್ಗುಲಿಗೆ ಹಾಯುತ್ತಿರುವಾಗ ಅಕ್ಕ ಕಿಟಕಿಯ ಕಡೆ ನೋಡುತ್ತಲೇ, "ಹೆಂಗಿದ್ಲು ಹೇಳು," ಎಂದಳು.

ಹೇಳಿದ. ಪುಣೆಯಲ್ಲಿ ನೋಡಿದ್ದನ್ನೇ ನೆನಪಿನಿಂದ ಎಳೆದು ಎಳೆದು ಹೇಳಿದ. ಕಟ್ಟೆಯ ಮೇಲೆ ಕೂತಿದ್ದಳು. ಹಿಂದೆ ಮಣ್ಣಿನ ಗೋಡೆ, ಗೋಡೆಯಲ್ಲಿ ಒಂದು ಉದ್ದನೆಯ ಬಿರುಕು. ಬಿಸಿಲು ಎಡಗಡೆಯಿಂದ ಓರೆಯಾಗಿ ಬಿದ್ದಿತ್ತು. ಮುದುಕನ ನೆರಳು ಮೊದಲು ಬಂದು ಅವಳ ಕಾಲಿಗೆ ಮುಟ್ಟುತ್ತದೆ, ಆಮೇಲೆ ಮುದುಕ ಬರುತ್ತಾನೆ. ಅವಳು ತಲೆಯಾಡಿಸುತ್ತಾಳೆ. ರೊಟ್ಟಿ ಮುರಿಯುತ್ತಾಳೆ. ಕೈ ಚಾಚುತ್ತಾಳೆ.

"ಮುಖಾ?" ಎಂದಳು ಅಕ್ಕ.

ಮುಖ. ಅವನು ಕಣ್ಣು ಮುಚ್ಚಿದ. ಬಿರುಕು ಕಂಡಿತು, ಅದರ ಕವಲು ಕಂಡಿತು. ನೆರಳಿನ ಕೋನ ಕಂಡಿತು. ಅದರ ಬಗ್ಗೆ ಅಭ್ಯಂಕರರ ಜೊತೆ ಬಹಳ ಹೊತ್ತು ಮಾತಾಡಿದ್ದ, ಆ ನೆರಳನ್ನು ಕಂಡುಹಿಡಿದವನು ತಾನೊಬ್ಬನೇ ಎಂದು ಹೆಮ್ಮೆಪಟ್ಟಿದ್ದ. ಚಾಚಿದ ಕೈ ಕಂಡಿತು. ಕೈಯ ಮೇಲೆ, ಕುತ್ತಿಗೆಯ ಮೇಲೆ, ಮುಖ ಇರಬೇಕಾದಲ್ಲಿ ಬರಿ ಬೆಳಕಿತ್ತು. ತನ್ನ ತೊಡೆಯ ಮೇಲೆ ಮಲಗಿ ಎಷ್ಟೋ ಸಲ ನಿದ್ದೆ ಹೋದ ಕೂಸು. ನೋಡುವುದನ್ನು ಕಲಿಸುತ್ತದೆ ಎಂದು ಕೂಗಿ ಹೇಳಿದವನಿಗೆ ಆ ಮುಖ ನೋಡಿದ ನೆನಪಿರಲಿಲ್ಲ.

"ನಗಾಕತ್ತಿದ್ಲಕ್ಕ," ಎಂದ.

ಅಕ್ಕ ಕಿಟಕಿಯಿಂದ ತಿರುಗಿ ಅವನನ್ನು ನೋಡಿದಳು. "ಉಣ್ಣೂವಾಗ ಆಕಿ ನಗತಿರಲಿಲ್ಲ," ಎಂದಳು. "ಮಾರಿ ಗಂಟ ಹಾಕ್ಕೊಂಡ ಉಣತಿದ್ಲು. ಎಂದೂ ನಕ್ಕಿಲ್ಲ."

ಅವನು ತಲೆ ತಗ್ಗಿಸಿ ಹೇಳಿದ. ಬಸ್ಸಿನ ಸದ್ದಿಗೆ ಅವನ ಮಾತು ಅವನಿಗೇ ಕೇಳಿಸಲಿಲ್ಲ.

"ಏನಂದಿ? ಕೇಳವಲ್ದೋ ತಮ್ಮಾ."

ಮತ್ತೆ ಹೇಳಿದ. ಅವಳು ಕಿವಿಯ ಮೇಲಿನ ಸೆರಗು ಸರಿಸಿ ಹತ್ತಿರ ಬಾಗಿದಳು. ಆಗ ಅವನು ಕೂಗಿದ: "ಆಕಿ ಬರಲೇ ಇಲ್ಲಕ್ಕ! ಆಕಿ ಇದ್ದ ರೀಲ್ ಬಿಡಿಸಿಬಿಟ್ಟೆ ನಾನು! ಮಂದಿ ನಕ್ಕರಂತ ನಾನಽ ಬಿಡಿಸಿದೆ!" ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. ಮುಂದಿನ ಸೀಟಿನ ಮುದುಕಿ ಬಾಯಿಗೆ ಒಯ್ದ ಎಲೆಯನ್ನು ಹಾಗೇ ಹಿಡಿದು ನೋಡಿದಳು. ಅವನು ಬೈಗುಳಕ್ಕೆ ಕಾದ. ಅವಳು ಕೆನ್ನೆಗೆ ಹೊಡೆಯಲಿ ಎಂದು ಬೇಡಿಕೊಂಡ. ಅಕ್ಕ ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡಳು. ಆಮೇಲೆ, "ಹಂಗಾದ್ರ ನಾ ಕಣ್ಣ ಮುಚ್ಚಿದಾಗ ಬಂದಿರಲಿಲ್ಲ?" ಎಂದಳು.

"ಇಲ್ಲಕ್ಕ."

"ನನ್ನ ಹುಡುಕಿಲ್ಲ ಆಕಿ?"

"ಇಲ್ಲ."

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಕೂಸು ಸತ್ತ ಮೇಲೆ ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ. ಭುಜಗಳು ಅಲುಗುತ್ತಿದ್ದವು, ಆದರೆ ಅಳುವಿನ ನಡುವೆ ಎಲ್ಲೋ ಅವಳ ಉಸಿರು ಸಡಿಲವಾದದ್ದು, ಹೊತ್ತ ಹೊರೆಯನ್ನು ದಾರಿಯ ಕಲ್ಲಿಗೆ ಇಳಿಸಿದವರ ಉಸಿರಿನ ಹಾಗೆ, ಅವನಿಗೆ ತಾಗಿ ಗೊತ್ತಾಯಿತು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಅದನ್ನು ತಾಳಿಕೊಳ್ಳುವುದು ಅವನಿಗೆ ಕಷ್ಟವಾಯಿತು. "ಪುಣೇಕ್ಕ ಕರ್ಕೊಂಡ ಹೋಗ್ತೀನಕ್ಕ. ಅಲ್ಲಿ ಐತಿ. ಅವರಿಗೆ ಹೇಳಿ ನಿನಗೊಬ್ಬಾಕಿಗೇ ಹಚ್ಚಸ್ತೀನಿ," ಎಂದ.

ಅಕ್ಕ ಮೂಗೊರೆಸಿಕೊಂಡಳು. "ಬ್ಯಾಡೋ. ದೀಪಾವಳಿಯಿಂದ ಇವತ್ತಿಗಂತ ಜೀವಾ ಗಟ್ಟಿ ಮಾಡ್ಕೊಂಡಿದ್ದೆ. ಅದು ಒಂದಽ ಸಲ ಆಗೂದು. ಇನ್ನೊಮ್ಮೆ ಆಗಂಗಿಲ್ಲ ನನ್ನ ಕೈಲೆ." ಸ್ವಲ್ಪ ಹೊತ್ತಿನ ಮೇಲೆ, ದನಿಯಲ್ಲಿ ಯಾವ ಏರಿಳಿತವೂ ಇಲ್ಲದೆ, "ಬಾವಿಗೆ ಬೀಳಾಕಿ ಸುಳ್ಳ ಅಂತ ನಂಗೂ ಗೊತ್ತಿತ್ತು, ತಮ್ಮಾ," ಎಂದಳು.

ತಿಕೋಟಾ ಬಂದಾಗ ಬಿಸಿಲು ನೆತ್ತಿಯಿಂದ ವಾಲಿತ್ತು. ಬಸ್ಸು ನಿಲ್ಲುವಲ್ಲಿ, ಬೇವಿನ ಗಿಡದ ಬುಡದಲ್ಲಿ, ಯಲಗೂರಪ್ಪ ಮಾವ ನಿಂತಿದ್ದ. ಹೊಲದಿಂದ ನೇರ ಬಂದಿರಬೇಕು, ಮೊಣಕಾಲ ತನಕ ಕರಿಮಣ್ಣು ಒಣಗಿತ್ತು. ಬಂದು ಹೋಗುವ ಬಸ್ಸನ್ನೆಲ್ಲ ನೋಡುತ್ತ ಎಷ್ಟು ಹೊತ್ತು ನಿಂತಿದ್ದನೋ, ಇವರನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದವನು ಮತ್ತೆ ಅಲ್ಲೇ ನಿಂತ. ಬಿರುಸು ಮಾತಿನ ಮನುಷ್ಯ. ಈಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ. ಮೈದುನನ ಕಡೆ ನೋಡಲಿಲ್ಲ, ಹೆಂಡತಿಯ ಅತ್ತ ಕಣ್ಣನ್ನೇ ನೋಡಿದ.

"ಕಂಡ್ಲೇನು?" ಎಂದ.

ಮಲಕಾಜಪ್ಪ ಬಾಯಿ ತೆರೆದ. ಅಕ್ಕ ಅವನ ಮುಂದೆ ಬಂದು ನಿಂತಳು.

"ಕಂಡ್ಲು," ಎಂದಳು.

ಯಲಗೂರಪ್ಪ ಇನ್ನೊಂದು ಹೆಜ್ಜೆ ಮುಂದೆ ಬಂದ. "ಹೆಂಗಿದ್ಲು?"

"ಹಂಗಽ ಇದ್ಲು," ಎಂದು ಅಕ್ಕ ಗಂಡನ ತೋಳಿಗೆ ಕೈ ಹಚ್ಚಿ ಅವನನ್ನು ಮನೆಯ ದಾರಿಗೆ ತಿರುಗಿಸಿದಳು. ಮಲಕಾಜಪ್ಪನನ್ನು ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ.